ವಿರೋಧವೂ ವಿರೋಧಾಭಾಸವೂ



ಕಳೆದ ಬೇಸಗೆಯ ರಜೆಯಲ್ಲಿ, ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗನು ಊರಿಗೆ ಬಂದಿದ್ದನು. ಅಂದು ಅಷ್ಟಮಿ. ಅವನ ಅಜ್ಜಿಗೆ ಉಪವಾಸ. ಬೆಳಗಿನ ಬಸದಿಯ ಪೂಜೆ ಮುಗಿಸಿಕೊಂಡು ಬಂದು ಆಕೆ ಎಂದಿನಂತೆ ಮನೆಗೆಲಸದಲ್ಲಿ ತೊಡಗಿದ್ದಳು. ಹುಡುಗನು ಸ್ವಲ್ಪ ಹೊತ್ತು ಅವಳನ್ನೇ ನೋಡುತ್ತಿದ್ದು ನನ್ನ ಬಳಿಗೆ ಬಂದು ಕೇಳಿದನು: “ಅಜ್ಜಾ, ಇರುವೆಗೂ ನೋವಾಗಬಾರದು ಅಂತ ನೀವು ಅಂಗಳ ನೋಡಿಕೊಂಡು ಕಾಲಿಡುತ್ತೀರಿ. ಆದರೆ ಅಜ್ಜಿ ತನ್ನ ದೇಹಕ್ಕೆ ತಾನೇ ಹಸಿವಿನ ನೋವು ಕೊಡುತ್ತಿದ್ದಾಳೆ. ತನ್ನ ಜೀವವೂ ಜೀವವೇ ಅಲ್ಲವೇ? ಇದು ಪ್ಯಾರಡಾಕ್ಸ್ ಅಲ್ಲವೇ?”

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಮೂವತ್ತೈದು ವರ್ಷ ಮಕ್ಕಳ ಮುಂದೆ ನಿಂತವನಿಗೆ ಕೆಣಕುವ ಪ್ರಶ್ನೆ ಯಾವುದು, ತಿಳಿಯಬೇಕೆಂಬ ಪ್ರಶ್ನೆ ಯಾವುದು ಎಂಬ ಭೇದವು ಧ್ವನಿಯಿಂದಲೇ ಗೊತ್ತಾಗುತ್ತದೆ. ಆದುದರಿಂದ ಒಡನೆ ಉತ್ತರ ಕೊಡದೆ, ಮೊದಲು ಆ ಶಬ್ದದ ಅರ್ಥವನ್ನು ವಿಚಾರಿಸೋಣವೆಂದು ಅವನನ್ನು ಹತ್ತಿರ ಕೂರಿಸಿಕೊಂಡೆನು. ಅಂದು ನಡೆದ ಮಾತುಕತೆಯನ್ನೂ, ಅಂದು ಹೇಳಲು ನಾಚಿ ಅರ್ಧಕ್ಕೆ ಬಿಟ್ಟದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

‘ಪ್ಯಾರಡಾಕ್ಸ್’ ಎಂಬುದು ಗ್ರೀಕ್ ಮೂಲದ ಶಬ್ದ. ಲ್ಯಾಟಿನ್ ಭಾಷೆಯ ಮೂಲಕ ಹಾದು 16ನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂದಿತು. ಅದರಲ್ಲಿ ಎರಡು ಅಂಗಗಳಿವೆ. ‘ಪಾರಾ’ ಎಂದರೆ ಪಕ್ಕಕ್ಕೆ, ಆಚೆಗೆ, ವಿರುದ್ಧವಾಗಿ. ‘ಡೋಕ್ಸಾ’ ಎಂದರೆ ಅಭಿಪ್ರಾಯ. ಈ ಡೋಕ್ಸಾ ಎಂಬುದು ‘ತೋರುವುದು’ ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಜನರಿಗೆ ಹೇಗೆ ತೋರುತ್ತದೆಯೋ ಅದು ಡೋಕ್ಸಾ. ಆ ತೋರಿಕೆಗೆ ವಿರುದ್ಧವಾಗಿ ನಿಲ್ಲುವ ಮಾತು ಪ್ಯಾರಡಾಕ್ಸ್. ಗಮನಿಸಬೇಕಾದುದೇನೆಂದರೆ, ಮೂಲಾರ್ಥದಲ್ಲಿ ಅದು ಸುಳ್ಳು ಮಾತೆಂದಾಗಲಿ, ತನಗೆ ತಾನೇ ವಿರುದ್ಧವಾದ ಮಾತೆಂದಾಗಲಿ ಇಲ್ಲ. ಲೋಕದ ನಿರೀಕ್ಷೆಗೆ ವಿರುದ್ಧವಾದುದು ಎಂದಷ್ಟೇ ಇದೆ. ರೋಮಿನ ವಾಗ್ಮಿ ಸಿಸೆರೋ ಕ್ರಿಸ್ತಪೂರ್ವ 46ರಲ್ಲಿ ಇದೇ ಹೆಸರಿನ ಒಂದು ಚಿಕ್ಕ ಗ್ರಂಥವನ್ನು ಬರೆದನು. ಸ್ಟೋಯಿಕ್ ಪಂಥದವರ ಆರು ಮಾತುಗಳನ್ನು ಅದರಲ್ಲಿ ಸಮರ್ಥಿಸಿದ್ದಾನೆ. ಆ ಆರರಲ್ಲಿ ಕೊನೆಯದು, ಜ್ಞಾನಿಯೊಬ್ಬನೇ ಶ್ರೀಮಂತನು ಎಂಬುದು. ಪೇಟೆಯಲ್ಲಿ ನಿಂತವನಿಗೆ ಇದು ಹುಚ್ಚು ಮಾತು. ಪಿಂಛಿ ಕಮಂಡಲುಗಳನ್ನು ಬಿಟ್ಟರೆ ಕೈಯಲ್ಲಿ ಏನೂ ಇಲ್ಲದ ಮುನಿಗಳಿಗೆ, ಮೂರು ಅಂತಸ್ತಿನ ಮನೆಯೊಡೆಯರು ಅಡ್ಡಬೀಳುವುದನ್ನು ಕಂಡು ಬೆಳೆದ ನಮಗೆ ಅದು ಅಷ್ಟೇನೂ ಹುಚ್ಚಾಗಿ ತೋರದು.

ಕನ್ನಡದಲ್ಲಿ ಇದಕ್ಕೆ ನಾವು ಬಳಸುವ ಶಬ್ದ ‘ವಿರೋಧಾಭಾಸ’. ಇದು ಅಲಂಕಾರಶಾಸ್ತ್ರದಿಂದ ಬಂದ ಶಬ್ದ. ಹಳೆಯ ಆಲಂಕಾರಿಕರು ಬರಿದೆ ‘ವಿರೋಧ’ವೆಂದು ಕರೆದ ಅಲಂಕಾರಕ್ಕೆ ಮುಂದಿನವರು ‘ಆಭಾಸ’ವನ್ನು ಸೇರಿಸಿ ಹೆಸರನ್ನು ಖಚಿತಗೊಳಿಸಿದರು. ಇಂದಿನ ಆಡುಮಾತಿನಲ್ಲಿ ಆಭಾಸವೆಂದರೆ ಫಜೀತಿ; ಮದುವೆಯ ಪಂಕ್ತಿಯಲ್ಲಿ ಅನ್ನ ಸಾಲದೆ ಹೋದರೆ ‘ಆಭಾಸವಾಯಿತು’ ಎನ್ನುತ್ತೇವೆ. ಶಾಸ್ತ್ರದಲ್ಲಿ ಹಾಗಲ್ಲ. ಅಲ್ಲಿ ಆಭಾಸವೆಂದರೆ ಹಾಗೆ ತೋರುವುದು, ಆದರೆ ಹಾಗಲ್ಲದ್ದು. ಹೇತುವಿನಂತೆ ತೋರಿ ಹೇತುವಲ್ಲದ್ದು ಹೇತ್ವಾಭಾಸ. ವಿರೋಧದಂತೆ ತೋರಿ ವಿರೋಧವಲ್ಲದ್ದು ವಿರೋಧಾಭಾಸ. ಗ್ರೀಕರ ಶಬ್ದಕ್ಕೂ ನಮ್ಮ ಶಬ್ದಕ್ಕೂ ಇರುವ ಅಂತರವು ಇಲ್ಲಿ ಕಾಣುತ್ತದೆ. ಸತ್ಯವು ತೋರಿಕೆಗೆ ವಿರುದ್ಧವಾಗಿ ನಿಂತಿದೆ ಎಂದು ಅವರ ಶಬ್ದವು ಹೇಳುತ್ತದೆ. ವಿರೋಧವೆಂಬುದೇ ತೋರಿಕೆ ಎಂದು ನಮ್ಮ ಶಬ್ದವು ಹೇಳುತ್ತದೆ. ಒಂದೇ ಗುಡ್ಡವನ್ನು ಎರಡು ಊರುಗಳಿಂದ ನೋಡಿದಂತೆ.

ಆದರೆ ನಿಜವಾದ ವಿರೋಧವೂ ಇದೆ. ಅದನ್ನು ಮರೆಯಬಾರದು. ಮಾಣಿಕ್ಯನಂದಿ ಆಚಾರ್ಯರು ಪರೀಕ್ಷಾಮುಖದಲ್ಲಿ ಸ್ವವಚನಬಾಧಿತವೆಂಬ ದೋಷಕ್ಕೆ ಕೊಡುವ ಉದಾಹರಣೆಯು ನನ್ನ ತಾಯಿ ಬಂಜೆ ಎನ್ನುವವನ ಮಾತು. ಅವನು ಆ ಮಾತನ್ನಾಡಲು ಹುಟ್ಟಿ ಬಂದಿರುವುದೇ ಆ ಮಾತನ್ನು ಕೆಡಿಸುತ್ತದೆ. ನಾನು ಸದಾ ಮೌನವ್ರತಿ ಎಂದು ಬಾಯಿಬಿಟ್ಟು ಹೇಳುವವನನ್ನೂ ನಮ್ಮ ತಾರ್ಕಿಕರು ಇದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಈ ಮಾತುಗಳನ್ನು ಯಾವ ನಯದಿಂದ ನೋಡಿದರೂ ಗಂಟು ಬಿಚ್ಚುವುದಿಲ್ಲ. ಮೌನವ್ರತಿಯ ಉದಾಹರಣೆಯನ್ನು ಹೇಳಿದೊಡನೆ ಹುಡುಗನು ನಕ್ಕನು. ನಾನೂ ನಕ್ಕೆನು, ಆದರೆ ನನ್ನ ನಗೆ ಅಷ್ಟು ನಿರಾಳವಾಗಿರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಅನ್ಯದರ್ಶನಗಳವರು ಸ್ಯಾದ್ವಾದದ ಮೇಲೆ ಹೊರಿಸುವ ಎಂಟು ದೋಷಗಳಲ್ಲಿ ಮೊದಲನೆಯದೇ ವಿರೋಧ. ಒಂದೇ ವಸ್ತು ಇದೆ ಎಂದೂ ಇಲ್ಲ ಎಂದೂ, ನಿತ್ಯವೆಂದೂ ಅನಿತ್ಯವೆಂದೂ ಹೇಳುವುದು ಹೇಗೆ ಎಂದು ಅವರ ಪ್ರಶ್ನೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಕೊಟ್ಟ ದೃಷ್ಟಾಂತಗಳಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದ ಕಥೆಯನ್ನು ಎಲ್ಲರೂ ಬಲ್ಲರು. ಕೊಡ ಬೇಕಾಗಿದ್ದವನು ಅತ್ತನು, ಕಿರೀಟ ಬೇಕಾಗಿದ್ದವನು ಹಿಗ್ಗಿದನು, ಚಿನ್ನವಷ್ಟೇ ಬೇಕಾಗಿದ್ದವನು ಸುಮ್ಮನಿದ್ದನು. ಅದರ ಪಕ್ಕದಲ್ಲಿಯೇ ಇರುವ ಇನ್ನೊಂದು ದೃಷ್ಟಾಂತವು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ವ್ರತಗಳನ್ನು ನಡೆಸುವ ನಮ್ಮ ಮನೆಗಳಿಗೆ ಅದೇ ಹೆಚ್ಚು ಹತ್ತಿರದ್ದು. ಹಾಲನ್ನು ಮಾತ್ರ ಸೇವಿಸುವೆನೆಂದು ವ್ರತ ಹಿಡಿದವನು ಮೊಸರನ್ನು ಮುಟ್ಟುವುದಿಲ್ಲ. ಮೊಸರಿನ ವ್ರತ ಹಿಡಿದವನು ಹಾಲನ್ನು ಕುಡಿಯುವುದಿಲ್ಲ. ಗೋರಸವೇ ಬೇಡವೆಂದು ವ್ರತ ಹಿಡಿದವನು ಎರಡನ್ನೂ ಬಿಡುತ್ತಾನೆ. ಮೊದಲಿಬ್ಬರ ನಡತೆಯಿಂದ ಹಾಲು ಬೇರೆ, ಮೊಸರು ಬೇರೆ ಎಂದಾಯಿತು. ಮೂರನೆಯವನ ನಡತೆಯಿಂದ ಎರಡೂ ಒಂದೇ ಎಂದಾಯಿತು. ಹಾಲು ಅಳಿದಿದೆ, ಮೊಸರು ಹುಟ್ಟಿದೆ, ಗೋರಸವು ಉಳಿದಿದೆ. ವಸ್ತುವಿನ ಉತ್ಪಾದ, ವ್ಯಯ, ಧ್ರೌವ್ಯಗಳೆಂಬ ಗಹನವಾದ ತತ್ತ್ವವನ್ನು ಆಚಾರ್ಯರು ಅಡುಗೆಮನೆಯ ಮೂವರು ವ್ರತಿಗಳ ತಟ್ಟೆಯಲ್ಲಿ ತೋರಿಸಿದರು. ಮೂವರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಬ್ಬನು ಬೇಕೆಂದದ್ದನ್ನು ಇನ್ನೊಬ್ಬನು ಬೇಡವೆಂದರೂ ಅವರಲ್ಲಿ ಜಗಳವಿಲ್ಲ. ಏಕೆಂದರೆ ಪ್ರತಿಯೊಬ್ಬನಿಗೂ ತಾನು ಯಾವ ಅಪೇಕ್ಷೆಯಿಂದ ಹೇಳುತ್ತಿದ್ದೇನೆಂಬುದು ಗೊತ್ತಿದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅದು ಹೊಸ ಪ್ರಶ್ನೆಯಲ್ಲ. ಸುಮಾರು 1500 ವರ್ಷಗಳ ಹಿಂದೆ ನಮ್ಮ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಇದೇ ಆಕ್ಷೇಪವನ್ನು ಎತ್ತಿಕೊಂಡಿದ್ದಾರೆ. ಆರನೆಯ ಅಧ್ಯಾಯದಲ್ಲಿ, ತನಗಾಗಲಿ ಪರರಿಗಾಗಲಿ ದುಃಖವನ್ನುಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳಿದೆ. ಹಾಗಾದರೆ ಕೇಶಲೋಚ, ಉಪವಾಸ, ಬಿಸಿಲಲ್ಲಿ ನಿಲ್ಲುವುದು ಇವನ್ನೆಲ್ಲ ನೀವೇ ಆಚರಿಸಿ ಪರರಿಗೂ ಬೋಧಿಸುವಿರಲ್ಲ, ಇದೇಕೆ ಎಂದು ಆಕ್ಷೇಪ. ಆಚಾರ್ಯರು ಪ್ರಶ್ನೆಯನ್ನು ಮರೆಮಾಚಲಿಲ್ಲ. ಕ್ರೋಧಾದಿ ಕಷಾಯಗಳ ಆವೇಶದಿಂದ ಹುಟ್ಟುವ ದುಃಖವೇ ಅಲ್ಲಿ ವಿವಕ್ಷಿತವೆಂದು ಹೇಳಿ, ವೈದ್ಯನ ದೃಷ್ಟಾಂತವನ್ನು ಕೊಟ್ಟರು. ಕರುಣಾಳುವಾದ ವೈದ್ಯನು ಸಂಯಮಿಯೊಬ್ಬರ ಮೈಮೇಲಿನ ಕುರುವನ್ನು ಸೀಳುತ್ತಾನೆ. ನೋವಾಗುತ್ತದೆ, ನಿಜ. ಆದರೂ ವೈದ್ಯನಿಗೆ ಪಾಪಬಂಧವಿಲ್ಲ. ಅವನ ಚಿತ್ತದಲ್ಲಿ ಶಲ್ಯವಿಲ್ಲ. ಹಾಗೆಯೇ ಸಂಸಾರದುಃಖದಿಂದ ಬಿಡುಗಡೆ ಬಯಸಿ ವಿಧಿಪೂರ್ವಕವಾಗಿ ತಪಸ್ಸು ಮಾಡುವವನಿಗೆ ಕಷ್ಟವಿದ್ದರೂ ಸಂಕ್ಲೇಶವಿಲ್ಲ.

ಇಲ್ಲಿ ಅಹಿಂಸೆ ಮತ್ತು ಉಪವಾಸಗಳ ವಿರೋಧವು ವಿರೋಧಾಭಾಸವಾಯಿತು. ಆದರೆ ಒಂದು ಷರತ್ತಿನ ಮೇಲೆ ಆಯಿತು ಎಂಬುದನ್ನು ನಾವು ಓದುವಾಗ ಸರಿಯಾಗಿ ಗಮನಿಸುವುದಿಲ್ಲ. ಕಷಾಯವಿಲ್ಲದಿದ್ದರೆ ಅದು ತಪಸ್ಸು. ಕಷಾಯವಿದ್ದರೆ? ಆಗ ಆಕ್ಷೇಪ ಮಾಡಿದವನ ಮಾತೇ ನಿಲ್ಲುತ್ತದೆ. ದೇಹವನ್ನು ನೋಯಿಸಿದ್ದಷ್ಟೇ ಲೆಕ್ಕಕ್ಕೆ ಉಳಿಯುತ್ತದೆ.

‘ಉಪವಾಸ’ ಎಂಬ ಶಬ್ದದಲ್ಲಿಯೇ ಈ ಷರತ್ತು ಅಡಗಿದೆ. ಉಪ ಎಂದರೆ ಸಮೀಪ, ವಾಸ ಎಂದರೆ ಇರುವುದು. ಇದರಲ್ಲಿ ಅನ್ನದ ಹೆಸರಿಲ್ಲ, ಹಸಿವಿನ ಹೆಸರಿಲ್ಲ, ಬಿಡುವ ಮಾತೂ ಇಲ್ಲ. ಶಬ್ದ ಮೊದಲಾದ ವಿಷಯಗಳ ಕಡೆಗೆ ಓಡುವ ಆತುರವನ್ನು ಬಿಟ್ಟು ಐದು ಇಂದ್ರಿಯಗಳೂ ಬಂದು ನೆಲೆಸುವುದು ಉಪವಾಸವೆಂದು ಪೂಜ್ಯಪಾದರು ಬಿಡಿಸಿ, ಚತುರ್ವಿಧಾಹಾರದ ತ್ಯಾಗವೆಂಬ ಅರ್ಥವನ್ನು ಆಮೇಲೆ ಹೇಳುತ್ತಾರೆ. ‘ಪ್ರೋಷಧ’ ಎಂಬುದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪೂಜ್ಯಪಾದರು ಪ್ರೋಷಧವೆಂದರೆ ಪರ್ವ ಎಂದರೆ, ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧವೆಂದರೆ ಒಂದು ಹೊತ್ತಿನ ಊಟ ಎನ್ನುತ್ತಾರೆ. ಅಶನ, ಪಾನ, ಖಾದ್ಯ, ಲೇಹ್ಯಗಳನ್ನು ಬಿಡುವುದು ಉಪವಾಸ. ಅದರ ಹಿಂದೆ ಮುಂದೆ ಒಪ್ಪೊತ್ತು ಉಣ್ಣುವುದು ಪ್ರೋಷಧ. ಸಪ್ತಮಿಯಂದು ಏಕಭುಕ್ತ, ಅಷ್ಟಮಿಯಂದು ನಿರಾಹಾರ, ನವಮಿಯಂದು ಪುನಃ ಏಕಭುಕ್ತ ಎಂಬ ನಮ್ಮ ಮನೆಗಳ ಕ್ರಮಕ್ಕೆ ಈ ಅರ್ಥವು ಕನ್ನಡಿಯಂತಿದೆ. ಉಣ್ಣುವುದೂ ಉಣ್ಣದಿರುವುದೂ ಸೇರಿ ಒಂದು ವ್ರತವಾಯಿತು.

ಇನ್ನು ನಾಚಿ ಬಿಟ್ಟ ಭಾಗಕ್ಕೆ ಬರುತ್ತೇನೆ. ನಾಲ್ಕು ವರ್ಷಗಳ ಹಿಂದೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಬೆಳಗ್ಗೆ ಮಾತ್ರೆ ತೆಗೆದುಕೊಂಡ ಮೇಲೆ ಹೊಟ್ಟೆ ಖಾಲಿ ಇಡಬಾರದು, ಪೂರ್ಣ ಉಪವಾಸ ಇನ್ನು ಬೇಡ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮನೆಯವಳ ಎದುರಿನಲ್ಲೇ ಹೇಳಿದರು. ಮೂವತ್ತು ವರ್ಷಗಳಿಂದ ಅಷ್ಟಮಿ, ಚತುರ್ದಶಿ ತಪ್ಪಿಸಿದವನಲ್ಲ ನಾನು. ಊರಿನಲ್ಲಿ ‘ಅಷ್ಟಮಿ ಮಾಸ್ತರರು’ ಎಂದೇ ಕೆಲವರು ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದಾಗ ನನಗೆ ಬೇಸರವಾಗುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಡಾಕ್ಟರ ಮುಂದೆ ಆಗಲೆಂದು ತಲೆಯಾಡಿಸಿ ಬಂದೆನು.

ಆ ಭಾದ್ರಪದದಲ್ಲಿ ದಶಲಕ್ಷಣಪರ್ವ ಬಂದಿತು. ಮೂರನೆಯ ದಿನ ಸಪ್ತಮಿ, ಉತ್ತಮ ಆರ್ಜವದ ದಿನ. ಸಂಜೆ ಬಸದಿಯಲ್ಲಿ ನನ್ನದೇ ಪ್ರವಚನ. ಮನಸ್ಸಿನಲ್ಲಿರುವುದೇ ಮಾತಿನಲ್ಲಿ, ಮಾತಿನಲ್ಲಿರುವುದೇ ನಡತೆಯಲ್ಲಿ ಇರುವುದು ಆರ್ಜವವೆಂದು ಮುಕ್ಕಾಲು ಗಂಟೆ ವಿವರಿಸಿದೆನು. ಜನ ಮೆಚ್ಚಿದರು. ಮನೆಗೆ ಬಂದೊಡನೆ ಮನೆಯವಳು ಕೇಳಿದಳು: “ನಾಳೆ ನಿಮಗೆ ಎಷ್ಟು ಹೊತ್ತಿಗೆ ಗಂಜಿ ಮಾಡಲಿ?” ನಾನು ಒಂದು ಕ್ಷಣವೂ ತಡವರಿಸದೆ, “ಬೇಡ, ನಾಳೆ ಬಸದಿಯ ಹತ್ತಿರದವರೊಬ್ಬರು ನನ್ನನ್ನು ಒಪ್ಪೊತ್ತಿನ ಊಟಕ್ಕೆ ಕರೆದಿದ್ದಾರೆ” ಎಂದೆನು. ಯಾರೂ ಕರೆದಿರಲಿಲ್ಲ. ಮರುದಿನ ಬೆಳಗ್ಗೆ ಅವಳಿಗೆ ಸಂದೇಹ ಬಾರದಿರಲೆಂದು ಅವಳ ಎದುರಿನಲ್ಲಿಯೇ ಮಾತ್ರೆಯನ್ನು ನೀರಿನೊಡನೆ ನುಂಗಿದೆನು. ಹೀಗೆ ಅದು ನಿರಾಹಾರವೂ ಆಗಲಿಲ್ಲ, ಆಹಾರವೂ ಆಗಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಬಸದಿಯ ಮುಖಮಂಟಪದಲ್ಲಿ ಕೈಕಾಲು ನಡುಗಿ, ಬೆವರು ಹರಿದು, ಅರ್ಘ್ಯದ ತಟ್ಟೆಯೊಡನೆ ಕೆಳಗೆ ಬಿದ್ದೆನು. ಯಾರೋ ಬಾಯಿಗೆ ಸಕ್ಕರೆ ನೀರು ಹೊಯ್ದರು. ಕಣ್ಣುಬಿಟ್ಟಾಗ ಮನೆಯವಳು ತಲೆಯ ಹತ್ತಿರ ಕುಳಿತಿದ್ದಳು. ಅವಳೂ ಅಂದು ಉಪವಾಸ. ಸಂಜೆಯವರೆಗೆ ಏನೂ ಮಾತಾಡಲಿಲ್ಲ. ಆಮೇಲೆ ಇಷ್ಟೇ ಕೇಳಿದಳು: “ನೀವು ಹಿಡಿದದ್ದು ವ್ರತವೋ, ಹಟವೋ?”

ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂದು ಉಮಾಸ್ವಾಮಿ ಆಚಾರ್ಯರ ಲಕ್ಷಣ. ಶಲ್ಯವೆಂದರೆ ಮೈಯಲ್ಲಿ ನೆಟ್ಟ ಮುಳ್ಳು. ಮಾಯೆ ಎಂಬ ಮುಳ್ಳನ್ನು ಇಟ್ಟುಕೊಂಡೇ ನಾನು ಉಪವಾಸ ಮಾಡಿದ್ದೆನು. ಬಾಯಿಬಿಟ್ಟು ಮೌನವ್ರತಿ ಎಂದವನಿಗೂ, ಸುಳ್ಳು ಹೇಳಿ ಆರ್ಜವದ ಪರ್ವವನ್ನು ಆಚರಿಸಿದವನಿಗೂ ಏನು ವ್ಯತ್ಯಾಸ? ಅಲ್ಲಿ ಆಭಾಸವೆಂಬುದೇ ಇಲ್ಲ, ಅದು ಶುದ್ಧ ವಿರೋಧ.

ಮಲಗಿದ್ದ ಆ ದಿನಗಳಲ್ಲಿ ಸಲ್ಲೇಖನದ ಪ್ರಕರಣವನ್ನು ಪುನಃ ಓದಿದೆನು. ನಮ್ಮ ಧರ್ಮದಲ್ಲಿ ಲೋಕಕ್ಕೆ ಅತ್ಯಂತ ವಿಪರೀತವಾಗಿ ತೋರುವುದು ಅದೇ ಅಲ್ಲವೇ? 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಯಂತೆಯೇ ಎಣಿಸಿ ತೀರ್ಪಿತ್ತಾಗ ದೇಶದ ಜೈನರೆಲ್ಲರೂ ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಆಗ ನಾನೂ ಮೌನ ಮೆರವಣಿಗೆಯಲ್ಲಿ ನಡೆದಿದ್ದೆನು. ಸರ್ವಾರ್ಥಸಿದ್ಧಿಯ ವರ್ತಕನ ದೃಷ್ಟಾಂತವನ್ನು ಎದುರು ಸಿಕ್ಕವರಿಗೆಲ್ಲ ಹೇಳಿದ್ದೆನು. ವರ್ತಕನೊಬ್ಬನ ಮನೆಯಲ್ಲಿ ನಾನಾ ಬಗೆಯ ಸರಕು ತುಂಬಿದೆ. ಮನೆಗೆ ನಾಶದ ಕಾರಣ ಒದಗಿದಾಗ, ಮನೆಯನ್ನು ಉಳಿಸಲಾಗದಿದ್ದರೆ ಅವನು ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಹಾಗೆಯೇ ಗೃಹಸ್ಥನು ದೇಹವು ಹೋಗುವಾಗ ವ್ರತಶೀಲಗಳೆಂಬ ಸರಕನ್ನು ಕೆಡದಂತೆ ಕಾಪಾಡುತ್ತಾನೆ. ಇಷ್ಟನ್ನೇ ನಾನು ಹೇಳುತ್ತಿದ್ದುದು. ಆದರೆ ಆ ದೃಷ್ಟಾಂತದಲ್ಲಿ ಇದಕ್ಕೆ ಮೊದಲು ಒಂದು ಮಾತಿದೆ. ವರ್ತಕನು ಯಥಾಶಕ್ತಿ ಮೊದಲು ಆ ವಿನಾಶದ ಕಾರಣವನ್ನೇ ತೊಲಗಿಸಲು ಯತ್ನಿಸುತ್ತಾನೆ. ಮನೆ ಹಾಳಾಗುವುದು ಅವನಿಗೆ ಇಷ್ಟವಿಲ್ಲ. ಸರಕಿಗೆ ಆಶ್ರಯವಾದ ಮನೆಯನ್ನು ಅವನು ತಾನಾಗಿ ಕೆಡವುವುದಿಲ್ಲ. ಎಷ್ಟು ಸಲ ಪಾಠ ಹೇಳಿದ್ದೇನೋ, ಅಷ್ಟು ಸಲವೂ ಈ ಮಾತನ್ನು ದಾಟಿ ಮುಂದಕ್ಕೆ ಹೋಗಿದ್ದೆನು. ಮಾತ್ರೆ, ಗಂಜಿ ಇವು ಬೆಂಕಿ ಆರಿಸುವ ಕೊಡಗಳು. ನಾನು ಕೊಡವನ್ನು ಒದ್ದು, ಬೆಂಕಿಯ ಮುಂದೆ ಸರಕಿನ ಲೆಕ್ಕ ಹೇಳುತ್ತ ಕುಳಿತವನು.

ಪರ್ವ ಮುಗಿದ ಮೇಲೆ, ಸಮೀಪದ ಊರಿನಲ್ಲಿ ವರ್ಷಾಯೋಗದಲ್ಲಿದ್ದ ಮುನಿಮಹಾರಾಜರ ಬಳಿಗೆ ಹೋಗಿ ನಮೋಸ್ತು ಎಂದು ಕುಳಿತು ಎಲ್ಲವನ್ನೂ ನಿವೇದಿಸಿಕೊಂಡೆನು. ಎರಡು ದೋಷಗಳಿಗೆ ಪ್ರಾಯಶ್ಚಿತ್ತ ಬೇಡಿದೆನು. ಪರ್ವದಿನದ ಉಪವಾಸ ಭಂಗವಾದದ್ದು ಒಂದು, ಸುಳ್ಳು ಹೇಳಿದ್ದು ಇನ್ನೊಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಷೋಡಶಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಹಿಂದೆ ಯಾವ ಶಬ್ದವನ್ನು ಇಟ್ಟಿದ್ದಾರೆ, ಮಾಸ್ತರೇ?” ಎಂದು ಕೇಳಿದರು. “ಶಕ್ತಿತಃ” ಎಂದೆನು. “ಅರ್ಥ?” “ಶಕ್ತಿಗನುಸಾರವಾಗಿ.” ಚಿಕ್ಕ ಹುಡುಗನಂತೆ ಒಪ್ಪಿಸಿದೆನು. ಸುಳ್ಳಿಗೆ ಹತ್ತು ದಿನ ಉಪ್ಪಿನ ತ್ಯಾಗವನ್ನೂ, ನಿತ್ಯವೂ 108 ಸಲ ಪಂಚನಮಸ್ಕಾರ ಜಪವನ್ನೂ ವಿಧಿಸಿದರು. ಅದಕ್ಕೂ ಮೊದಲು ಮನೆಗೆ ಹೋಗಿ, ಯಾರಿಗೆ ಸುಳ್ಳು ಹೇಳಿದೆನೋ ಅವರೆದುರು ಅದನ್ನು ಒಪ್ಪಿಕೊಳ್ಳಬೇಕೆಂದರು. ಉಪವಾಸ ಭಂಗದ ಮಾತನ್ನು ನಾನು ಪುನಃ ನೆನಪಿಸಿದೆನು. ಅದಕ್ಕೆ ಏನೂ ಕೊಡಲಿಲ್ಲ. ಅಂದಿನಿಂದ ಅಷ್ಟಮಿ ಚತುರ್ದಶಿಗಳಲ್ಲಿ ನನಗೆ ಅವಮೌದರ್ಯ ಮತ್ತು ರಸಪರಿತ್ಯಾಗ. ಹಾಲು, ತುಪ್ಪ, ಬೆಲ್ಲ ಇಲ್ಲದ ಜೋಳದ ಗಂಜಿ, ಡಾಕ್ಟರು ಹೇಳಿದ ಹೊತ್ತಿಗೆ. ಅನಶನಕ್ಕಿಂತ ಇದು ಸುಲಭವೆಂದು ತಿಳಿದಿದ್ದೆನು. ಹಾಗಲ್ಲ. ಊಟವನ್ನೇ ಬಿಟ್ಟವನಿಗೆ ತಟ್ಟೆಯ ಮುಂದೆ ಕೂರುವ ಕಷ್ಟವಿಲ್ಲ. ಅರ್ಧ ಹೊಟ್ಟೆಗೆ ಏಳಬೇಕಾದವನಿಗೆ ಪ್ರತಿ ತುತ್ತಿನಲ್ಲಿಯೂ ಲೆಕ್ಕ. ಇದಕ್ಕಿಂತಲೂ ಕಷ್ಟವೆಂದರೆ, ‘ಅಷ್ಟಮಿ ಮಾಸ್ತರರು ಈಗ ಗಂಜಿ ಕುಡಿಯುತ್ತಾರಂತೆ’ ಎಂಬ ಮಾತು ಬಸದಿಯ ಜಗಲಿಯಲ್ಲಿ ಕಿವಿಗೆ ಬೀಳುವುದು. ಮೂವತ್ತು ವರ್ಷದ ಉಪವಾಸಗಳಲ್ಲಿ ಬಿಡಲಾಗದ ಒಂದು ವಸ್ತುವನ್ನು ಉಪವಾಸ ಬಿಟ್ಟ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತಿದ್ದೇನೆ.

ಮೊಮ್ಮಗನಿಗೆ ಅಂದು ವೈದ್ಯನ ದೃಷ್ಟಾಂತದವರೆಗೆ ಹೇಳಿ ನಿಲ್ಲಿಸಿದ್ದೆನು. ಅಷ್ಟರಲ್ಲಿ ಅವನ ಅಜ್ಜಿ ನನ್ನ ಗಂಜಿಯ ಬಟ್ಟಲನ್ನು ತಂದಿಟ್ಟಳು. ಅವನು ಬಟ್ಟಲನ್ನೂ ನಮ್ಮಿಬ್ಬರನ್ನೂ ನೋಡಿ, “ಉಪವಾಸ ಇರುವವರು ಅಡುಗೆ ಮಾಡಿ ಬಡಿಸುತ್ತಾರೆ, ಉಣ್ಣುವವರು ಉಪವಾಸದ ಮೇಲೆ ಪ್ರವಚನ ಹೇಳುತ್ತಾರೆ. ಇದು ವಿರೋಧವೋ, ವಿರೋಧಾಭಾಸವೋ ಅಜ್ಜಾ?” ಎಂದನು. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಹೇಳಿದಳು: “ಮಾತ್ರೆ ನುಂಗಿ ಅರ್ಧ ಗಂಟೆಯಾಯಿತು. ಗಂಜಿ ಆರುತ್ತದೆ, ಮೊದಲು ಉಣ್ಣಿ.”